ಸಣ್ಣ ಹಿಡುವಳಿಗೆ ಹುಲ್ಲು ಕೊಯ್ಯುವ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿದ್ದಾಪುರ ಸೀಮೆಯಲ್ಲಿ ಅಡಿಕೆ ತೋಟದ ಜೊತೆಗೆ ಐದು ಹಸುಗಳನ್ನೂ ಎರಡು ಎಕರೆ ಹುಲ್ಲಿನ ಬೇಣವನ್ನೂ ನೋಡಿಕೊಂಡು ಬಂದಿರುವ ನನ್ನನ್ನು, ಯಂತ್ರ ಕೊಳ್ಳಲು ಹೊರಟ ಪರಿಚಿತರು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳಿವು. ಬಯಲುಸೀಮೆಯಲ್ಲಿ ಸೀಮೆಹುಲ್ಲನ್ನೋ ಕುದುರೆ ಮೆಂತೆಯನ್ನೋ ಬೆಳೆದು ಹೈನುಗಾರಿಕೆ ಮಾಡುವವರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ಹತ್ತು ಎಕರೆಯೊಳಗಿನ ಜಮೀನು ಮತ್ತು ಹತ್ತು-ಹದಿನೈದು ರಾಸುಗಳವರೆಗಿನ ಕೊಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ.

ನಮ್ಮಲ್ಲಿ ನಾಲ್ಕು ಹಸುಗಳಿವೆ. ಹುಲ್ಲು ಕೊಯ್ಯಲು ಯಂತ್ರ ಬೇಕೇ ಬೇಕೆ?

ಮೊದಲು ಲೆಕ್ಕ ಹಾಕೋಣ. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿಲೋ ಹಸಿಮೇವು ಎಂದು ಹಿಡಿದರೆ ನಾಲ್ಕಕ್ಕೆ 100 ಕಿಲೋ ಆಯಿತು. ನೀರು, ಗೊಬ್ಬರ ಸರಿಯಾಗಿ ಸಿಕ್ಕ ಸೀಮೆಹುಲ್ಲು, ಅಂದರೆ ಸಿಒ-4, ಸಿಒ-5ರಂಥ ನೇಪಿಯರ್ ತಳಿ, ಒಂದು ಕೊಯ್ಲಿಗೆ ಚದರ ಮೀಟರಿಗೆ ಸುಮಾರು ನಾಲ್ಕು ಕಿಲೋ ಕೊಡುತ್ತದೆ. ಹಾಗಾದರೆ ದಿನಕ್ಕೆ ನೀವು ಕೊಯ್ಯಬೇಕಾದದ್ದು 25 ಚದರ ಮೀಟರ್, ಎಂದರೆ ಕಾಲು ಗುಂಟೆ. ಕೊಯ್ದ ಬುಡ ಮತ್ತೆ ಕೊಯ್ಲಿಗೆ ಬರಲು 45 ದಿನ ಬೇಕೆಂದರೆ ಒಟ್ಟು ಹನ್ನೊಂದು ಗುಂಟೆ ಸೀಮೆಹುಲ್ಲಿದ್ದರೆ ಈ ಚಕ್ರ ತಿರುಗುತ್ತಲೇ ಇರುತ್ತದೆ. ಕಾಲು ಗುಂಟೆಯನ್ನು ಹರಿತವಾದ ಕುಡುಗೋಲಿನಿಂದ ಮುಕ್ಕಾಲು ಗಂಟೆಯೊಳಗೆ ಕೊಯ್ಯಬಹುದು.

ಆದ್ದರಿಂದ ನಾಲ್ಕು ಹಸುಗಳ ಮನೆಯವರು ಹುಲ್ಲು ಕೊಯ್ಯುವ ಯಂತ್ರಕ್ಕೆ ಹಣ ಹೊಂದಿಸುವ ಮೊದಲು, ಕೊಯ್ದ ಹುಲ್ಲನ್ನು ಸಣ್ಣಗೆ ಮಾಡುವ ಮೇವು ಕತ್ತರಿಸುವ ಯಂತ್ರ ಕೊಟ್ಟಿಗೆಯಲ್ಲಿ ಇದೆಯೇ ಎಂದು ನಾನು ಕೇಳುತ್ತೇನೆ. ಉದ್ದದ ದಂಟನ್ನು ಹಾಗೆಯೇ ಹಾಕಿದರೆ ಹಸು ಎಲೆ ತಿಂದು ದಂಟನ್ನು ತುಳಿದು ಬಿಡುತ್ತದೆ. ಕತ್ತರಿಸಿ ಹಾಕಿದರೆ ಹಾಳಾಗದೆ ಉಳಿಯುವ ಮೇವು, ಹೊಲದಲ್ಲಿ ಉಳಿಸುವ ಅರ್ಧ ಗಂಟೆಗಿಂತ ದೊಡ್ಡ ಉಳಿತಾಯ.

ಹಾಗಾದರೆ ಯಂತ್ರ ಯಾರಿಗೆ ನಿಜವಾಗಿ ಬೇಕು?

ಎರಡು ಸಂದರ್ಭಗಳಲ್ಲಿ ಬೇಕು. ಮೊದಲನೆಯದು, ರಾಸುಗಳ ಸಂಖ್ಯೆ ಎಂಟು-ಹತ್ತನ್ನು ದಾಟಿ ದಿನದ ಕೊಯ್ಲು ಒಬ್ಬರ ಕೈಗೆ ಮೀರಿದಾಗ. ಎರಡನೆಯದು, ವರ್ಷಕ್ಕೆ ಒಂದೆರಡು ಬಾರಿ ಮಾತ್ರ, ಆದರೆ ಕೆಲವೇ ದಿನಗಳೊಳಗೆ, ಒಂದೇ ಸಮನೆ ಹುಲ್ಲು ಕೊಯ್ದು ಒಣಗಿಸಿ ಒಳಗೆ ಹಾಕಬೇಕಾದಾಗ. ಮಲೆನಾಡಿನ ಕರಡದ, ಎಂದರೆ ಒಣಗಿಸಿ ಇಡುವ ಬೇಣದ ಹುಲ್ಲಿನ, ಕೊಯ್ಲು ಈ ಎರಡನೆಯ ಬಗೆಯದು. ದೀಪಾವಳಿ ಕಳೆದ ಮೇಲೆ ಬೇಣದ ಹುಲ್ಲು ಹೊಂಬಣ್ಣಕ್ಕೆ ತಿರುಗಿದಾಗ ಕೊಯ್ಯದಿದ್ದರೆ ಅದು ಕಡ್ಡಿಯಾಗಿ ಬಿಡುತ್ತದೆ. ಆಗಲೇ ಅಡಿಕೆ ಕೊಯ್ಲೂ ಭತ್ತದ ಕೊಯ್ಲೂ ತಲೆಯ ಮೇಲೆ ಬಂದಿರುತ್ತವೆ, ಆಳು ಸಿಗುವುದಿಲ್ಲ.

ಈ ಎರಡು ಅಗತ್ಯಗಳಿಗೆ ಒಂದೇ ಯಂತ್ರ ಒಗ್ಗುವುದು ಕಡಿಮೆ. ಎಷ್ಟು ಎಕರೆ, ಎಷ್ಟು ಅಶ್ವಶಕ್ತಿ ಎಂಬ ಪ್ರಶ್ನೆಗಿಂತ ಮುಂಚೆ, ಯಾವ ಹುಲ್ಲು, ಅದನ್ನು ಹಸಿಯಾಗಿ ಹಾಕುತ್ತೀರೋ ಒಣಗಿಸುತ್ತೀರೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಮುಂದಿನ ಎಲ್ಲ ಉತ್ತರಗಳೂ ಅದನ್ನೇ ಅವಲಂಬಿಸಿವೆ.

ಸಣ್ಣ ರೈತರಿಗೆ ಒದಗುವ ಯಂತ್ರಗಳು ಯಾವುವು?

ಹೆಗಲಿಗೆ ಅಥವಾ ಬೆನ್ನಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಎಲ್ಲಕ್ಕಿಂತ ಸಾಮಾನ್ಯವಾದದ್ದು. ನಮ್ಮ ಕಡೆ ಇದನ್ನು ಕಳೆ ಹೊಡೆಯುವ ಮಷೀನ್ ಎಂದೇ ಕರೆಯುತ್ತಾರೆ. ಹಿಂದೆ ನಿಂತು ನಡೆಸಿಕೊಂಡು ಹೋಗುವ, ಮುಂದೆ ಕತ್ತರಿಯಂಥ ಉದ್ದನೆಯ ದಂಡವಿರುವ ಕಟರ್ ಬಾರ್ ಯಂತ್ರ ಎರಡನೆಯದು. ಭತ್ತ ಕೊಯ್ಯುವ ರೀಪರ್ ಇದರ ಹತ್ತಿರದ ಬಂಧು. ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ಪಿಟಿಒದಿಂದ, ಎಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ದಂಡದಿಂದ, ತಿರುಗಿಸುವವುಗಳಲ್ಲಿ ಕಟರ್ ಬಾರ್, ಡ್ರಮ್, ಡಿಸ್ಕ್ ಎಂಬ ಬಗೆಗಳಿವೆ. ಹುಲ್ಲನ್ನು ಜಜ್ಜಿ ಪುಡಿ ಮಾಡುವ ಸ್ಲ್ಯಾಶರ್ ಮತ್ತು ಫ್ಲೇಲ್ ಯಂತ್ರಗಳು ತೋಟ ಸ್ವಚ್ಛ ಮಾಡಲು ಒಳ್ಳೆಯವು, ಮೇವಿಗಲ್ಲ; ಅವು ಹುಲ್ಲಿನ ಜೊತೆ ಮಣ್ಣನ್ನೂ ಎಬ್ಬಿಸಿ ಬೆರೆಸುತ್ತವೆ.

ಬ್ರಷ್ ಕಟರ್ ಕೊಳ್ಳುವುದಾದರೆ ಟೂ ಸ್ಟ್ರೋಕ್ ಒಳ್ಳೆಯದೋ ಫೋರ್ ಸ್ಟ್ರೋಕೋ?

ಇಳಿಜಾರಿನಲ್ಲಿ, ಬದುಗಳ ಮೇಲೆ, ಯಂತ್ರವನ್ನು ಹೇಗೆ ಬೇಕಾದರೂ ಓರೆ ಮಾಡಿ ಗಂಟೆಗಟ್ಟಲೆ ಹೊಡೆಯುವವರಿಗೆ ಟೂ ಸ್ಟ್ರೋಕ್ ಒಗ್ಗುತ್ತದೆ. ಅದು ಹಗುರ, ಒಳಗಿನ ಬಿಡಿಭಾಗಗಳು ಕಡಿಮೆ, ಹಳ್ಳಿಯ ಮೆಕ್ಯಾನಿಕ್‌ಗೂ ಪರಿಚಿತ. ಆದರೆ ಪೆಟ್ರೋಲಿಗೆ ಪ್ರತಿ ಸಲವೂ ಎಣ್ಣೆ ಬೆರೆಸಬೇಕು, ಮತ್ತು ಅಲ್ಲಿ ತಪ್ಪಿದರೆ ಎಂಜಿನ್ ಹೋಯಿತೆಂದೇ ಲೆಕ್ಕ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ ಎಣ್ಣೆ. ಬಾಟಲಿಯ ಮುಚ್ಚಳದಲ್ಲಿ ಅಂದಾಜು ಮಾಡಬೇಡಿ. ಮಗುವಿಗೆ ಔಷಧಿ ಕೊಡುವ ಅಳತೆ ಮುಚ್ಚಳವೊಂದನ್ನು ಪೆಟ್ರೋಲ್ ಡಬ್ಬಿಗೇ ದಾರ ಕಟ್ಟಿ ಇಟ್ಟರೆ, ಕೆಲಸಕ್ಕೆ ಬಂದವರೂ ಸರಿಯಾಗಿಯೇ ಬೆರೆಸುತ್ತಾರೆ. ಒಂದು ತಿಂಗಳಿಗಿಂತ ಹಳೆಯ ಮಿಶ್ರಣವನ್ನು ಬಳಸಬೇಡಿ.

ಫೋರ್ ಸ್ಟ್ರೋಕ್‌ಗೆ ಎಣ್ಣೆ ಬೆರೆಸುವ ತಾಪತ್ರಯವಿಲ್ಲ, ಹೊಗೆ ಕಡಿಮೆ, ಸದ್ದು ಕಿವಿಗೆ ಹಿತ, ಪೆಟ್ರೋಲೂ ಉಳಿಯುತ್ತದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಮೇವು ಕೊಯ್ಯುವ ಮನೆಗೆ ನನ್ನ ಆಯ್ಕೆ 35 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್. ಅದರಲ್ಲಿ ಎಂಜಿನ್ ಆಯಿಲ್ ಮಟ್ಟವನ್ನು ನೋಡುವ ಅಭ್ಯಾಸ ಮಾತ್ರ ತಪ್ಪಬಾರದು.

ಸಿಸಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ಪೂರ್ತಿ ನಂಬಬೇಡಿ. 52 ಸಿಸಿ ಎಂದು ಬರೆದ ಅಗ್ಗದ ಯಂತ್ರಕ್ಕಿಂತ, ಗಟ್ಟಿಯಾದ ಗೇರ್ ಹೆಡ್ (ಬ್ಲೇಡನ್ನು ತಿರುಗಿಸುವ ಗೇರುಗಳಿರುವ ತುದಿಯ ಭಾಗ) ಮತ್ತು ಅದುರದ ಶಾಫ್ಟ್ ಇರುವ 35 ಸಿಸಿ ಯಂತ್ರ ಹೆಚ್ಚು ವರ್ಷ ಬಾಳುತ್ತದೆ.

ಬ್ರಷ್ ಕಟರ್‌ಗೆ ಯಾವ ಬ್ಲೇಡ್ ಹಾಕಬೇಕು? ನೈಲಾನ್ ದಾರ ಸಾಕಲ್ಲವೇ?

ಮೇವು ಕೊಯ್ಯುವಾಗ ನೈಲಾನ್ ದಾರವನ್ನು ಯಾವ ಕಾರಣಕ್ಕೂ ಬಳಸಬೇಡಿ. ಈ ಪುಟದಲ್ಲಿ ಒಂದೇ ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆದು ಹರಿಯುತ್ತದೆ; ಹಾಗೆ ಹೊಡೆಯುವಾಗ ತುದಿಯಿಂದ ತಾನೂ ತುಂಡುತುಂಡಾಗಿ ಸವೆಯುತ್ತದೆ. ಆ ತುಂಡುಗಳು ಹುಲ್ಲಿನೊಳಗೇ ಉಳಿಯುತ್ತವೆ. ನಾವು ಯಂತ್ರ ತಂದ ಮೊದಲ ಮಳೆಗಾಲದಲ್ಲಿ ತೋಟದ ಅಂಚಿನ ಹುಲ್ಲನ್ನು ದಾರದಲ್ಲಿ ಹೊಡೆದು, ಚೆನ್ನಾಗಿದೆಯಲ್ಲ ಎಂದು ಅದನ್ನೇ ಒಟ್ಟು ಮಾಡಿ ಕೊಟ್ಟಿಗೆಗೆ ಹಾಕಿದ್ದೆವು. ಮರುದಿನ ಗೋದಲಿ ಗುಡಿಸುವಾಗ ಉಳಿದ ಹುಲ್ಲಿನ ನಡುವೆ ಹಳದಿ ಬಣ್ಣದ ಏನೋ ಕಂಡಿತು. ಕೈಯಲ್ಲಿ ಕೆದಕಿ ನೋಡಿದರೆ ಉಗುರಿನಷ್ಟುದ್ದದ, ತುದಿ ಸಿಗಿದ ನೈಲಾನ್ ಚೂರುಗಳು, ಹನ್ನೊಂದು. ಹಸುವಿನ ಹೊಟ್ಟೆಗೆ ಎಷ್ಟು ಹೋಗಿದ್ದವೋ ತಿಳಿಯುವ ದಾರಿಯೇ ಇರಲಿಲ್ಲ. ಹಸು ಎಮ್ಮೆಗಳು ಮೇವನ್ನು ಚೆನ್ನಾಗಿ ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿಗಳು. ಮೇವಿನಲ್ಲಿ ಬೆರೆತದ್ದನ್ನು ಅವು ಬಾಯಲ್ಲಿ ಬೇರ್ಪಡಿಸಲಾರವು, ಮತ್ತು ಪ್ಲಾಸ್ಟಿಕ್ ಅಲ್ಲಿ ಕರಗುವುದಿಲ್ಲ.

ಎಳೆಯ ಹುಲ್ಲಿಗೂ ಕರಡಕ್ಕೂ ಮೂರು ಹಲ್ಲಿನ ಉಕ್ಕಿನ ಬ್ಲೇಡ್ ಸಾಕು. ಸೀಮೆಹುಲ್ಲಿನ ದಪ್ಪ ದಂಟಿಗೆ, ಜೋಳಕ್ಕೆ, ಹಲವು ಹಲ್ಲುಗಳ ದುಂಡನೆಯ ಬ್ಲೇಡ್ ಬುಡವನ್ನು ಸೀಳದೆ ನುಣ್ಣಗೆ ಕೊಯ್ಯುತ್ತದೆ; ನುಣ್ಣಗೆ ಕೊಯ್ದ ಬುಡದಿಂದ ಚಿಗುರು ಬೇಗ ಬರುತ್ತದೆ. ಆದರೆ ಹಲ್ಲಿನ ತುದಿಗೆ ಗಟ್ಟಿ ಲೋಹದ ತುಣುಕು ಬೆಸೆದಿರುವ ಬ್ಲೇಡನ್ನು ಕಲ್ಲು ಜಾಗದಲ್ಲಿ ಬಳಸಬಾರದು. ಕಲ್ಲಿಗೆ ತಾಗಿ ಕಿತ್ತುಬಂದ ಆ ತುಣುಕು ಮೇವಿಗೆ ಸೇರಿದರೆ, ತಂತಿ ಮೊಳೆ ನುಂಗಿದ ಹಸುವಿಗೆ ಆಗುವ ಅಪಾಯವೇ ಇಲ್ಲೂ ಆಗುತ್ತದೆ. ಕೊಯ್ಲು ಮುಗಿದ ಕೂಡಲೇ ಬ್ಲೇಡಿನ ಹಲ್ಲುಗಳನ್ನು ಎಣಿಸುವುದನ್ನು ರೂಢಿ ಮಾಡಿಕೊಳ್ಳಿ.

ಕೊಯ್ದ ಹುಲ್ಲನ್ನು ಒಂದೇ ಪಕ್ಕಕ್ಕೆ ಸಾಲಾಗಿ ಬೀಳಿಸುವ ತಗಡಿನ ಗಾರ್ಡ್ ಪ್ರತ್ಯೇಕವಾಗಿ ಸಿಗುತ್ತದೆ. ಒಟ್ಟುಮಾಡುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುವುದರಿಂದ ಅದನ್ನು ಯಂತ್ರದ ಜೊತೆಯಲ್ಲೇ ಕೇಳಿ ತೆಗೆದುಕೊಳ್ಳಿ.

ಕಟರ್ ಬಾರ್ ಮತ್ತು ಡ್ರಮ್ ಅಥವಾ ಡಿಸ್ಕ್ ಯಂತ್ರಗಳಿಗೆ ಇರುವ ವ್ಯತ್ಯಾಸವೇನು?

ಕಟರ್ ಬಾರ್ ಎಂದರೆ ಕತ್ತರಿ. ಕೆಳಗೆ ಕದಲದ ತಟ್ಟೆಗಳ ಸಾಲು, ಅದರ ಮೇಲೆ ಎಡಕ್ಕೂ ಬಲಕ್ಕೂ ಓಡಾಡುವ ತ್ರಿಕೋನಾಕಾರದ ಅಲಗುಗಳ ಸಾಲು. ಹುಲ್ಲಿನ ಕಡ್ಡಿ ಎರಡರ ನಡುವೆ ಸಿಕ್ಕಿ ತುಂಡಾಗಿ, ನಿಂತಿದ್ದಲ್ಲೇ ಮೆಲ್ಲನೆ ಮಲಗುತ್ತದೆ, ಚೂರಾಗುವುದಿಲ್ಲ, ಚೆಲ್ಲುವುದಿಲ್ಲ. ಡ್ರಮ್ ಮತ್ತು ಡಿಸ್ಕ್ ಯಂತ್ರಗಳಲ್ಲಿ ಕೆಳಗಿನ ತಟ್ಟೆಯೇ ಇಲ್ಲ. ತಿರುಗುವ ತಟ್ಟೆಯ ಅಂಚಿನಲ್ಲಿ ಸಡಿಲವಾಗಿ ತೂಗುವ ಸಣ್ಣ ಅಲಗುಗಳು ಸೆಕೆಂಡಿಗೆ 70ರಿಂದ 90 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕಿ, ಹುಲ್ಲಿಗೆ ಬಡಿದು ಕೊಯ್ಯುತ್ತವೆ.

ಈ ವ್ಯತ್ಯಾಸದಿಂದಲೇ ಉಳಿದದ್ದೆಲ್ಲ ಹುಟ್ಟುತ್ತದೆ. ಕತ್ತರಿಗೆ ಶಕ್ತಿ ಕಡಿಮೆ ಸಾಕು: ಒಂದು ಮೀಟರ್ ಅಗಲಕ್ಕೆ ಕಟರ್ ಬಾರ್ ಕೇಳುವುದು ಸುಮಾರು 1.2 ಕಿಲೋವ್ಯಾಟ್ ಆದರೆ ಡಿಸ್ಕ್ ಕೇಳುವುದು ಸುಮಾರು 5 ಕಿಲೋವ್ಯಾಟ್. ಅದಕ್ಕೇ ಐದಾರು ಅಶ್ವಶಕ್ತಿಯ ಎಂಜಿನ್ ಇರುವ, ಕೈಯಲ್ಲಿ ನಡೆಸುವ ಯಂತ್ರಕ್ಕೂ ಕಟರ್ ಬಾರ್ ಹಾಕಬಹುದು. ಆದರೆ ಮಳೆಗೆ ಬಿದ್ದು ಹೆಣೆದುಕೊಂಡ ಹುಲ್ಲಿನಲ್ಲಿ ಅದು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ, ಅಲಗುಗಳನ್ನು ಹರಿತ ಮಾಡುತ್ತಲೇ ಇರಬೇಕು, ಒಂದು ಕಲ್ಲು ನಡುವೆ ಸಿಕ್ಕರೆ ಅಲಗೋ ತಟ್ಟೆಯೋ ಮುರಿಯುತ್ತದೆ. ಡ್ರಮ್ ಯಂತ್ರ ಬಿದ್ದ ಹುಲ್ಲಿಗೆ ಹೆದರುವುದಿಲ್ಲ, ಬೇಗ ಓಡುತ್ತದೆ, ಅಲಗು ಬದಲಾಯಿಸುವುದು ಐದು ನಿಮಿಷದ ಕೆಲಸ. ಅದಕ್ಕೆ ಕೊಡಬೇಕಾದ ಬೆಲೆ ಎಂದರೆ ತೂಕ, ಡೀಸೆಲ್ ಮತ್ತು ದೂರಕ್ಕೆ ಹಾರುವ ಕಲ್ಲು.

ವೇಗದ ಲೆಕ್ಕವನ್ನೂ ಹೇಳುತ್ತೇನೆ. 1.2 ಮೀಟರ್ ಅಗಲದ ಕಟರ್ ಬಾರನ್ನು ಗಂಟೆಗೆ 2.5 ಕಿಲೋಮೀಟರ್ ನಡಿಗೆಯಲ್ಲಿ ನಡೆಸಿದರೆ, ತಿರುವುಗಳಲ್ಲೂ ಕಸ ಬಿಡಿಸುವುದರಲ್ಲೂ ಕಾಲು ಭಾಗ ಸಮಯ ಹೋದರೂ, ಒಂದು ಎಕರೆಗೆ ಎರಡು ಗಂಟೆಯೊಳಗೆ ಸಾಕಾಗುತ್ತದೆ. 1.65 ಮೀಟರ್ ಡ್ರಮ್ ಯಂತ್ರ ಗಂಟೆಗೆ 8 ಕಿಲೋಮೀಟರ್ ಓಡಿದರೆ ಅದೇ ಎಕರೆಗೆ ಅರ್ಧ ಗಂಟೆಯೂ ಬೇಡ. ನಿಮ್ಮದು ಎರಡು ಎಕರೆ ಬೇಣವಾದರೆ ಉಳಿಯುವುದು ವರ್ಷಕ್ಕೆ ಮೂರು ಗಂಟೆ. ಆ ಮೂರು ಗಂಟೆಗಾಗಿ ಲಕ್ಷಗಟ್ಟಲೆ ಸುರಿಯುವುದು ಸರಿಯೇ ಎಂದು ಯೋಚಿಸಿ. ಸಮತಟ್ಟಾದ ಐದಾರು ಎಕರೆಯಲ್ಲಿ ಕುದುರೆ ಮೆಂತೆ, ರೋಡ್ಸ್ ಹುಲ್ಲು ಬೆಳೆದು ವರ್ಷವಿಡೀ ಕೊಯ್ಯುವವರ ಲೆಕ್ಕ ಬೇರೆ. ಅವರಿಗೆ ಡ್ರಮ್ ಯಂತ್ರ ಸಾರ್ಥಕ.

ನಮ್ಮಲ್ಲಿ ಮಿನಿ ಟ್ರ್ಯಾಕ್ಟರ್ ಇದೆ. ಅದಕ್ಕೆ ಡ್ರಮ್ ಯಂತ್ರ ಹಾಕಬಹುದೇ?

ಅಂಗಡಿಯವರು ಎಂಜಿನ್ನಿನ ಅಶ್ವಶಕ್ತಿ ಕೇಳಿ ಹೌದು ಎನ್ನುತ್ತಾರೆ. ನೀವು ನೋಡಬೇಕಾದದ್ದು ಪಿಟಿಒ ಶಕ್ತಿಯನ್ನು, ಹಿಂದಿನ ಲಿಫ್ಟಿನ ಎತ್ತುವ ಸಾಮರ್ಥ್ಯವನ್ನು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಯಂತ್ರದ ತೂಕವನ್ನು. ಡ್ರಮ್ ಯಂತ್ರಗಳು ಮುನ್ನೂರು ಕಿಲೋಗೂ ಮೇಲ್ಪಟ್ಟು ತೂಗುವುದುಂಟು, ಅದೂ ಟ್ರ್ಯಾಕ್ಟರಿನ ನೇರ ಹಿಂದಕ್ಕಲ್ಲ, ಒಂದು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹಗುರ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂದಿನ ಚಕ್ರಗಳು ನೆಲದ ಹಿಡಿತ ಬಿಡುತ್ತವೆ. 20 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರಿಗೆ ಕಟರ್ ಬಾರ್ ಸರಿಯಾದ ಜೋಡಿ. 1.65 ಮೀಟರ್ ಡ್ರಮ್ ಬೇಕೆಂದರೆ 35 ಅಶ್ವಶಕ್ತಿಗಿಂತ ಕಡಿಮೆಯ ಟ್ರ್ಯಾಕ್ಟರಿನಲ್ಲಿ ಪ್ರಯತ್ನಿಸಬೇಡಿ. ಯಂತ್ರಕ್ಕೆ ಬೇಕಾದ ಪಿಟಿಒ ವೇಗ ನಿಮಿಷಕ್ಕೆ 540 ಸುತ್ತುಗಳೇ ಎಂಬುದನ್ನೂ ನಿಮ್ಮ ಟ್ರ್ಯಾಕ್ಟರಿನೊಂದಿಗೆ ತಾಳೆ ನೋಡಿ.

ಭತ್ತ ಕೊಯ್ಯುವ ರೀಪರ್‌ನಲ್ಲಿ ಮೇವಿನ ಹುಲ್ಲು ಕೊಯ್ಯಲಾಗದೇ?

ನೆಟ್ಟಗೆ ನಿಂತ, ಒಂದೇ ಎತ್ತರದ ಮೇವಿನ ಜೋಳ, ಓಟ್ಸ್, ಮುಸುಕಿನ ಜೋಳದ ಎಳೆ ಬೆಳೆಯನ್ನು ಕೊಯ್ಯಬಹುದು. ರೀಪರ್ ಕೊಯ್ದದ್ದನ್ನು ನಿಲ್ಲಿಸಿಕೊಂಡೇ ಪಕ್ಕಕ್ಕೆ ಸಾಗಿಸಿ ಸಾಲಾಗಿ ಮಲಗಿಸುವುದರಿಂದ ಹೊರೆ ಕಟ್ಟುವುದು ಸುಲಭ. ಮೊಣಕಾಲೆತ್ತರದ ಗಿಡ್ಡ ಹುಲ್ಲನ್ನು ಅದರ ಪಟ್ಟಿಗಳು ಹಿಡಿಯಲಾರವು. ಸೀಮೆಹುಲ್ಲಿನ ಬಲಿತ ತೆಂಡೆಗೆ ಅದನ್ನು ನುಗ್ಗಿಸಿದರೆ ಅಲಗು ಕಚ್ಚಿ ನಿಲ್ಲುತ್ತದೆ.

ನಮ್ಮ ಜಾಗ ಇಳಿಜಾರು, ಕಲ್ಲೂ ಇದೆ. ಯಾವುದು ಸೂಕ್ತ?

ಬ್ರಷ್ ಕಟರ್ ಬಿಟ್ಟು ಬೇರೆ ಯೋಚನೆ ಬೇಡ. ಚಕ್ರದ ಯಂತ್ರವನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಿದಾಗ ಅದು ಕೆಳಕ್ಕೆ ಜಾರುತ್ತದೆ, ಅದರ ಜೊತೆ ಹಿಡಿದವರೂ ಜಾರುತ್ತಾರೆ. ಮಳೆ ನಿಂತ ಮೇಲೊಮ್ಮೆ ಬೇಣವನ್ನು ಸುತ್ತಿ ಎದ್ದ ಕಲ್ಲುಗಳನ್ನು ಆರಿಸಿ, ಆರಿಸಲಾಗದ್ದರ ಪಕ್ಕ ಗೂಟ ನೆಟ್ಟು ಗುರುತು ಮಾಡಿ. ಹುಲ್ಲು ಎದೆಯೆತ್ತರ ಬಂದ ಮೇಲೆ ಕಲ್ಲು ಕಾಣುವುದಿಲ್ಲ.

ಸೊಪ್ಪಿನ ಬೆಟ್ಟ, ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇರುವವರಲ್ಲಿ ಇನ್ನೊಂದು ಪ್ರಾರ್ಥನೆ. ಕುಡುಗೋಲು ಹಿಡಿದ ಕೈ ಹುಲ್ಲಿನ ನಡುವೆ ಎದ್ದ ನೆಲ್ಲಿಯ ಸಸಿಯನ್ನೋ ಮತ್ತಿಯ ಸಸಿಯನ್ನೋ ಕಂಡು ಬಿಡುತ್ತಿತ್ತು. ಯಂತ್ರಕ್ಕೆ ಆ ಕಣ್ಣಿಲ್ಲ. ನಾಲ್ಕೈದು ವರ್ಷ ಹೀಗೆ ಹೊಡೆದ ಬೆಟ್ಟದಲ್ಲಿ ಹಳೆಯ ಮರಗಳಿರುತ್ತವೆ, ಅವುಗಳ ಮಕ್ಕಳಿರುವುದಿಲ್ಲ. ಕೊಯ್ಲಿನ ಹಿಂದಿನ ದಿನ ಒಂದು ಕಟ್ಟು ಬಣ್ಣದ ಬಟ್ಟೆಚೂರು ಹಿಡಿದು ಹೋಗಿ ಉಳಿಸಬೇಕಾದ ಸಸಿಗಳಿಗೆ ಕಟ್ಟಿ ಬನ್ನಿ.

ನೆಲದಿಂದ ಎಷ್ಟು ಎತ್ತರ ಬಿಟ್ಟು ಕೊಯ್ಯಬೇಕು?

ಕುದುರೆ ಮೆಂತೆಗೆ ಎಂಟರಿಂದ ಹತ್ತು ಸೆಂಟಿಮೀಟರ್, ಎಂದರೆ ಅಂಗೈ ಅಗಲ. ಸೀಮೆಹುಲ್ಲಿಗೂ ಅಷ್ಟು ಬುಡ ಬಿಟ್ಟರೆ ಚಿಗುರು ಚೆನ್ನಾಗಿ ಬರುತ್ತದೆ. ಪೂರ್ತಿ ನೆಲಕ್ಕೆ ಹೊಡೆದರೆ ಹೆಚ್ಚು ಮೇವು ಸಿಕ್ಕಿತೆಂದು ಆ ದಿನ ಅನ್ನಿಸುತ್ತದೆ, ಮುಂದಿನ ಕೊಯ್ಲಿನಲ್ಲಿ ಅದು ಕಳೆದುಹೋಗುತ್ತದೆ. ಮಣ್ಣು ಬೆರೆತು ಹಸು ಮೂಸಿ ಬಿಡುವುದೂ ಇದೆ. ಆದ್ದರಿಂದ ಚಕ್ರದ ಯಂತ್ರ ಕೊಳ್ಳುವಾಗ, ಕೊಯ್ಯುವ ಎತ್ತರವನ್ನು ಹೊಂದಿಸುವ ಜಾರುಪಾದಗಳು ಇವೆಯೇ ಎಂದು ನೋಡಿ.

ಸಂದರ್ಭ ಬಂದದ್ದರಿಂದ ಹೇಳುತ್ತೇನೆ, ಮೇವಿನ ಜೋಳವನ್ನು ಅದು ಎಳೆಯದಾಗಿರುವಾಗಲೂ ಬರಕ್ಕೆ ಬಾಡಿದಾಗಲೂ ಕೊಯ್ದು ಹಾಕಬೇಡಿ, ಅದರಲ್ಲಿ ಸಯನೈಡ್ ವಿಷವಿರುತ್ತದೆ. ಅರ್ಧದಷ್ಟು ಹೂವಾಡಿದ ಮೇಲೆ ಕೊಯ್ಯುವುದು ಕ್ಷೇಮ.

ಒಣಹುಲ್ಲು ಮಾಡಲು ಬೇರೆ ಯಂತ್ರ ಬೇಕೆ?

ಕೊಯ್ಯುವ ಯಂತ್ರ ಅದೇ ಸಾಕು, ಆದರೆ ಯಾವುದನ್ನು ಒಣಗಿಸುತ್ತೇವೆ ಎಂಬ ವಿವೇಚನೆ ಬೇಕು. ಸೀಮೆಹುಲ್ಲಿನ ರಸಭರಿತ ದಂಟು ಬೇಗ ಒಣಗುವುದಿಲ್ಲ. ಹೆಚ್ಚಾದದ್ದನ್ನು ರಸಮೇವು (ಸೈಲೇಜ್) ಮಾಡಿ. ಕರಡ, ರೋಡ್ಸ್, ಓಟ್ಸ್, ಕುದುರೆ ಮೆಂತೆ ಒಣಗಿಸಲು ಯೋಗ್ಯ. ಕೊಯ್ಯುವಾಗ ಶೇ 80ರಷ್ಟು ನೀರಿರುವ ಒಂದು ಟನ್ ಹಸಿಹುಲ್ಲು, ಶೇ 15ಕ್ಕೆ ಇಳಿಯುವಷ್ಟು ಒಣಗಿದಾಗ 235 ಕಿಲೋ ಉಳಿಯುತ್ತದೆ. ಶೇ 20ಕ್ಕಿಂತ ಹೆಚ್ಚು ತೇವ ಇರುವಾಗಲೇ ಗೊಣಬೆ (ಬಣವೆ) ಹಾಕಿದರೆ ಒಳಗೆ ಕಾವು ಏರಿ ಬೂಸು ಹಿಡಿಯುತ್ತದೆ, ಕಾವು ಮಿತಿಮೀರಿದರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ಒಂದು ಹಿಡಿ ಹುಲ್ಲನ್ನು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ: ಗಂಟಿನ ಬಳಿ ಉಗುರು ಒತ್ತಿದರೆ ರಸ ಒಸರಬಾರದು, ಕಡ್ಡಿಗಳು ಲಟಲಟನೆ ಮುರಿಯಬೇಕು. ಅನುಮಾನವಿದ್ದರೆ ಗೊಣಬೆಯೊಳಗೆ ಕಬ್ಬಿಣದ ಸರಳೊಂದನ್ನು ಚುಚ್ಚಿಟ್ಟು ಮರುದಿನ ಎಳೆದು ಮುಟ್ಟಿ. ಹಿಡಿದಿಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಆ ಕ್ಷಣವೇ ಗೊಣಬೆ ಬಿಚ್ಚಿ ಹರವಬೇಕು.

ಕುದುರೆ ಮೆಂತೆಯ ಪೌಷ್ಟಿಕಾಂಶ ಹೆಚ್ಚಾಗಿ ಎಲೆಯಲ್ಲಿರುತ್ತದೆ, ಒಣಗಿದ ಎಲೆ ಮುಟ್ಟಿದರೆ ಉದುರುತ್ತದೆ. ಅದನ್ನು ಮಗುಚುವ ಕೆಲಸವನ್ನು ಬೆಳಗಿನ ಇಬ್ಬನಿ ಇನ್ನೂ ಇರುವಾಗ ಮುಗಿಸಿ.

ಬ್ಯಾಟರಿ ಯಂತ್ರಗಳು ಹೇಗೆ?

ಕೊಟ್ಟಿಗೆಯ ಹತ್ತಿರದ ಸ್ವಲ್ಪ ಜಾಗಕ್ಕೆ, ಎಳೆಯ ಹುಲ್ಲಿಗೆ ಹಿತವಾದವು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ, ಸೀಮೆಹುಲ್ಲಿನಂಥ ಗಟ್ಟಿ ಬೆಳೆಗೆ, ನಾನು ಸಲಹೆ ಮಾಡುವುದಿಲ್ಲ.

ಸಬ್ಸಿಡಿ ಸಿಗುತ್ತದೆಯೇ?

ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಆರಂಭವಾಗಿದ್ದು, ಅದರಡಿ ಕೃಷಿ ಇಲಾಖೆಯ ಮೂಲಕ ಸಹಾಯಧನ ದೊರೆಯುತ್ತದೆ. ಕರ್ನಾಟಕದಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50ರವರೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ 90ರವರೆಗೆ, ಗರಿಷ್ಠ ಮೊತ್ತದ ಮಿತಿಯೊಳಗೆ ಕೊಡುತ್ತ ಬಂದಿದ್ದಾರೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಮತ್ತು ಫ್ರೂಟ್ಸ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ರೈತರ ನೋಂದಣಿಗೆ ಸಿಗುವ ಎಫ್‌ಐಡಿ ಸಂಖ್ಯೆಯೊಂದಿಗೆ ಹೋಗಿ. ಮುಖ್ಯವಾದ ಮಾತೊಂದಿದೆ: ಮಂಜೂರಾತಿ ಕೈಗೆ ಬರುವ ಮೊದಲು ಯಂತ್ರ ಕೊಂಡುಬಿಡಬೇಡಿ, ಮತ್ತು ಇಲಾಖೆಯ ಪಟ್ಟಿಯಲ್ಲಿರುವ ಮಾದರಿಯನ್ನೇ ಆರಿಸಬೇಕು ಎಂಬುದನ್ನು ನೆನಪಿಡಿ. ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿಮಗೆ ಒಗ್ಗದ ಯಂತ್ರವನ್ನು ತರಬೇಡಿ. ಅರ್ಧ ಬೆಲೆಗೆ ಬಂದ, ಮೂಲೆಯಲ್ಲಿ ಬಿದ್ದ ಯಂತ್ರಗಳನ್ನು ನಮ್ಮ ಊರಲ್ಲೇ ಬೇಕಾದಷ್ಟು ನೋಡಿದ್ದೇನೆ.

ಹುಲ್ಲು ಕೊಯ್ಯುವ ಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆ, ಅದು ಏಕೆ, ಎಂದು ಕೇಳುವ ಹಕ್ಕು ನಿಮಗಿದೆ.

ಕೊಳ್ಳುವ ಬದಲು ಬಾಡಿಗೆಗೆ ತರಬಹುದಲ್ಲ?

ವರ್ಷಕ್ಕೆ ಒಮ್ಮೆ ಮಾತ್ರ ಕೊಯ್ಯುವವರಿಗೆ ಇದೇ ಜಾಣತನ. ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಇದಕ್ಕಾಗಿ. ಆದರೆ ಕರಡದ ಕಾಲದಲ್ಲಿ ಎಲ್ಲರಿಗೂ ಒಂದೇ ವಾರ ಬೇಕಾಗುವುದರಿಂದ ಮುಂಚಿತವಾಗಿ ಹೇಳಿಡಬೇಕು. ನಮ್ಮ ಕೇರಿಯ ನಾಲ್ಕು ಮನೆಯವರು ಕೂಡಿ ಒಂದು ಕಟರ್ ಬಾರ್ ಯಂತ್ರ ಇಟ್ಟುಕೊಂಡಿದ್ದೇವೆ. ಯಂತ್ರ ನಾಲ್ವರದ್ದು, ಆದರೆ ನಡೆಸುವವರು ಮತ್ತು ಗ್ರೀಸ್ ಹಾಕುವವರು ಒಬ್ಬರೇ ಎಂಬ ಒಪ್ಪಂದದಿಂದ ಅದು ಇಂದಿಗೂ ಓಡುತ್ತಿದೆ.

ಅಂಗಡಿಯಲ್ಲಿ ಏನನ್ನು ಪರೀಕ್ಷಿಸಬೇಕು?

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲು ವಿಚಾರಿಸಿ. ಸಿಗುತ್ತದೆ ಎಂಬ ಮಾತು ಸಾಲದು. ಒಂದು ಅಲಗು, ಒಂದು ಸ್ಟಾರ್ಟರ್ ಹಗ್ಗ, ಗೇರ್ ಹೆಡ್ಡಿನ ಒಂದು ಬೇರಿಂಗ್ ತೆಗೆದು ತೋರಿಸಲು ಹೇಳಿ. ನನ್ನ ಮೊದಲ ಬ್ರಷ್ ಕಟರನ್ನು ಬೆಲೆ ನೋಡಿ ಕೊಂಡಿದ್ದೆ. ಎರಡನೆಯ ವರ್ಷ ಸರಿಯಾಗಿ ಕರಡದ ಕೊಯ್ಲಿನ ಹೊತ್ತಿಗೆ ಗೇರ್ ಹೆಡ್ ಕಿರುಗುಟ್ಟಿ ನಿಂತಿತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎನ್ನುತ್ತ ಬೇರಿಂಗ್ ಬರಲು ಇಪ್ಪತ್ತನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅರ್ಧ ಬೇಣದ ಹುಲ್ಲು ಕಡ್ಡಿಯಾಗಿ, ಆ ಬೇಸಿಗೆಗೆ ಹೊರಗಿನಿಂದ ಹುಲ್ಲು ಕೊಳ್ಳಬೇಕಾಯಿತು.

ಬಳಿಕ ಯಂತ್ರವನ್ನು ಚಾಲೂ ಮಾಡಿಸಿ ಅಲ್ಲ, ನೀವೇ ಚಾಲೂ ಮಾಡಿ. ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಿ. ಕಟರ್ ಬಾರ್ ಆದರೆ ಅಲಗುಗಳ ಸಾಲನ್ನು ಕೈಯಿಂದ ಮೆಲ್ಲನೆ ಸರಿಸಿ: ಅಲಗು ತಟ್ಟೆಗೆ ಒರಗಿಕೊಂಡೇ ಸರಿಯಬೇಕು, ತುದಿಗೆ ಬಂದಾಗ ಬೆರಳಿನಂಥ ಕಾವಲುಮೊನೆಯ ನಡುಮಧ್ಯಕ್ಕೆ ಬಂದು ನಿಲ್ಲಬೇಕು. ಚಕ್ರದ ಯಂತ್ರಕ್ಕೆ ಹಿಂಬದಿ ಗೇರ್ ಇದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಮೂಲೆಯಲ್ಲೂ ನೀವೇ ಎಳೆಯಬೇಕು. ದೊಡ್ಡ ಯಂತ್ರವಾದರೆ ಪರೀಕ್ಷಾ ವರದಿ ಕೇಳಿ. ದಕ್ಷಿಣದ ರಾಜ್ಯಗಳಿಗೆ ಆಂಧ್ರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಧಾರವಾಡದ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಗಳಲ್ಲಿ ಹಲವು ಯಂತ್ರಗಳನ್ನು ಒಂದೇ ಕಡೆ ಎತ್ತಿ ಹಿಡಿದು ನೋಡುವ ಅವಕಾಶ ಸಿಗುತ್ತದೆ, ಆದರೆ ಮೇಳದ ಭರದಲ್ಲಿ ಮುಂಗಡ ಕೊಡಬೇಡಿ.

ನಿರ್ವಹಣೆ ಎಷ್ಟು ಬೇಕು?

ದಿನಕ್ಕೆ ಹತ್ತು ನಿಮಿಷ. ಏರ್ ಫಿಲ್ಟರ್ ಕೊಡವುವುದು, ಸುತ್ತಿಕೊಂಡ ಹುಲ್ಲು ಬಿಡಿಸುವುದು, ನಟ್ಟುಗಳನ್ನು ಬಿಗಿ ನೋಡುವುದು. ಬ್ರಷ್ ಕಟರಿನ ಗೇರ್ ಹೆಡ್ಡಿಗೆ ಕೈಪಿಡಿ ಹೇಳುವಷ್ಟು ಗಂಟೆಗೊಮ್ಮೆ ಗ್ರೀಸ್ ತುಂಬಬೇಕು; ಹೆಚ್ಚಿನ ಯಂತ್ರಗಳು ಸಾಯುವುದು ಅಲ್ಲಿಯೇ. ಅಲಗನ್ನು ಅರದಿಂದ ಉಜ್ಜುವಾಗ ಮೂಲದ ಓರೆಯನ್ನು ಬದಲಿಸಬೇಡಿ, ಎಲ್ಲ ಹಲ್ಲುಗಳಿಗೂ ಸಮ ಎಣಿಕೆಯ ಎಳೆತ ಕೊಡಿ; ಒಂದು ಕಡೆ ಹೆಚ್ಚು ಸವೆದ ಬ್ಲೇಡ್ ಅದುರುತ್ತದೆ. ಕಾಲ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ಬರಿದಾಗುವವರೆಗೆ ಓಡಿಸಿ ನಿಲ್ಲಿಸಿ.

ಯಾವ ಅಪಾಯಗಳ ಬಗ್ಗೆ ಎಚ್ಚರ ವಹಿಸಬೇಕು?

ಹಾರುವ ಕಲ್ಲು ಮೊದಲನೆಯದು. ಬ್ರಷ್ ಕಟರ್ ಓಡುವಾಗ ಸುತ್ತ 15 ಮೀಟರಿನೊಳಗೆ ಮಕ್ಕಳು, ದನಗಳು, ಹೊರೆ ಕಟ್ಟುವವರು ಯಾರೂ ಇರಬಾರದು. ಕನ್ನಡಕ, ಗಮ್‌ಬೂಟು, ಕಿವಿ ಮುಚ್ಚುವ ಸಾಧನ ಇಲ್ಲದೆ ಯಂತ್ರ ಎತ್ತಬೇಡಿ. ಬ್ಲೇಡಿನ ಮುಂಬದಿಯ ಬಲ ಅಂಚು ಗಟ್ಟಿ ಬುಡಕ್ಕೆ ತಾಗಿದರೆ ಯಂತ್ರ ಪಕ್ಕಕ್ಕೆ ಒದೆಯುತ್ತದೆ. ಕಟರ್ ಬಾರಿನಲ್ಲಿ ಕಟ್ಟಿಕೊಂಡ ಹುಲ್ಲನ್ನು ಎಂಜಿನ್ ಆರಿಸದೆ ಕೈಯಿಂದ ತೆಗೆಯಲು ಹೋಗಿ ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ. ಹುಲ್ಲಿನೊಳಗಿನ ಹಾವು ಸರಿದುಹೋಗಬಹುದು. ಕಣಜದ ಗೂಡು ಸರಿಯುವುದಿಲ್ಲ, ಆದ್ದರಿಂದ ಮೊದಲು ಸುತ್ತಲೂ ನೋಡಿಕೊಳ್ಳಿ.

ಮಲೆನಾಡಿನವರು ಉಣುಗನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗುಗಳೇ, ಮತ್ತು ನವೆಂಬರಿನಿಂದ ಮೇ ತಿಂಗಳವರೆಗೆ, ನಾವು ಕರಡ ಕೊಯ್ದು ದರಕು (ಉದುರಿದ ಒಣ ಎಲೆ) ಗುಡಿಸುವ ಕಾಲದಲ್ಲೇ, ಅವುಗಳ ಕಾಟ ಹೆಚ್ಚು. ಬೆಟ್ಟಕ್ಕೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕೆಲಸಕ್ಕೆ ಬಂದವರಿಗೂ ಎಣ್ಣೆ ಕೊಡುವುದು ನಮ್ಮ ಹೊಣೆ.

ನಮ್ಮ ಮನೆಯಲ್ಲಿ ಹುಲ್ಲು ಕೊಯ್ಯುವವರು ಹೆಂಗಸರು. ಅವರು ನಡೆಸಬಲ್ಲ ಯಂತ್ರ ಯಾವುದು?

ಹೆಚ್ಚಿನ ಮನೆಗಳಲ್ಲಿ ಕೊಟ್ಟಿಗೆಯ ಕೆಲಸ ಅವರದೇ, ಆದರೆ ಯಂತ್ರ ಆರಿಸಲು ಪೇಟೆಗೆ ಹೋಗುವವರು ಗಂಡಸರು. ಯಂತ್ರಗಳು ಮೂಲೆ ಸೇರುವುದಕ್ಕೆ ಇದು ಒಂದು ದೊಡ್ಡ ಕಾರಣವೆಂದು ನನ್ನ ಅನುಭವ. ಪಕ್ಕಕ್ಕೆ ತೂಗುಹಾಕಿಕೊಳ್ಳುವ, ಎರಡೂ ಹೆಗಲಿಗೆ ಪಟ್ಟಿ ಇರುವ, ಎಂಟು ಕಿಲೋ ಮೀರದ ಫೋರ್ ಸ್ಟ್ರೋಕ್ ಬ್ರಷ್ ಕಟರನ್ನು ನನ್ನ ಹೆಂಡತಿ ಆರು ವರ್ಷಗಳಿಂದ ನಡೆಸುತ್ತಿದ್ದಾಳೆ. ಬೆನ್ನಿಗೆ ಹೊರುವ ಯಂತ್ರ ಅವಳಿಗೆ ಒಗ್ಗಲಿಲ್ಲ. ತಗ್ಗಿ ಎದ್ದಾಗ ತೂಕ ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ನಿನ ಬಿಸಿ ಬೆನ್ನಿಗೆ ತಾಗುತ್ತದೆ ಎಂದಳು. ಯಂತ್ರ ನೋಡಲು ಹೋಗುವಾಗ ಅದನ್ನು ದಿನವೂ ಹಿಡಿಯುವವರನ್ನೇ ಕರೆದುಕೊಂಡು ಹೋಗಿ. ಪಟ್ಟಿಯನ್ನು ಅವರ ಎತ್ತರಕ್ಕೆ ಹೊಂದಿಸಿ, ಬ್ಲೇಡ್ ನೆಲದಿಂದ ಒಂದು ಗೇಣು ಮೇಲೆ ತಾನಾಗಿ ತೂಗುತ್ತದೆಯೇ ನೋಡಿ, ಸ್ಟಾರ್ಟರ್ ಹಗ್ಗವನ್ನು ಅವರೇ ಮೂರು ಸಲ ಎಳೆಯಲಿ. ಮೂರನೆಯ ಎಳೆತಕ್ಕೂ ಅದು ಅವರ ಕೈಯಲ್ಲಿ ಏಳದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.